ಇಂಜಿನ್ನಿನ ಉಷ್ಣ, ಗಂಜಿಯ ತೆಳಿ

ಮೊನ್ನೆ ನನ್ನ ಬಾಯಲ್ಲೊಂದು ಹುಣ್ಣು ಎದ್ದಿತು. ಬೆಳುವಾಯಿಯ ಅತ್ತಿಗೆಗೆ ಫೋನಿನಲ್ಲಿ ಹೇಳಿದ್ದೇ ತಡ, "ಉಷ್ಣ ಆಗಿದೆ ಮಾರಾಯ್ತಿ, ಸ್ವಲ್ಪ ತೆಳಿ ಕುಡಿ" ಎಂದರು. ಎಂದವರು ತಟ್ಟನೆ ಸುಮ್ಮನಾದರು. ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಆ ಮಾತನ್ನು ನಮ್ಮಲ್ಲಿ ಈಗ ಯಾರೂ ನೆಟ್ಟಗೆ ಆಡುವ ಹಾಗಿಲ್ಲ. ಯಾಕೆಂದು ಹೇಳುತ್ತೇನೆ, ಆದರೆ ನೇರವಾಗಿ ಹೇಳಿ ಮುಗಿಸುವುದು ನನ್ನಿಂದಾಗದು. ಮುಕ್ಕಾಲು ಗಂಟೆಯ ಪೀರಿಯಡ್ಡಿನಲ್ಲಿ ಅರ್ಧ ಗಂಟೆ ಪಾಠ ಬಿಟ್ಟು ಬೇರೆಲ್ಲೋ ತಿರುಗಾಡಿ ಬರುವ ಕನ್ನಡ ಟೀಚರು ನಾನು. ಬೆಳ್ತಂಗಡಿ ಕಡೆಯ ನಮ್ಮ ಹೈಸ್ಕೂಲಿನ ಮಕ್ಕಳು ಬೇಕಾದರೆ ಸಾಕ್ಷಿ ಹೇಳಿಯಾರು.

ತೆಳಿ ಎಂದರೆ ಕುಚ್ಚಲಕ್ಕಿ ಗಂಜಿಯ ಮೇಲೆ ನಿಲ್ಲುವ ತಿಳಿನೀರು. ಅದಕ್ಕೊಂದು ಚಿಟಿಕೆ ಉಪ್ಪು ಬಿದ್ದರೆ ನಮ್ಮ ಪಾಲಿಗೆ ಅದೇ ಅಮೃತ, ಅದೇ ಔಷಧ. ಅಮ್ಮನ ಲೆಕ್ಕದಲ್ಲಿ ಲೋಕದ ಕಾಯಿಲೆಗಳೆಲ್ಲ ಎರಡೇ: ಒಂದು ಶೀತ, ಇನ್ನೊಂದು ಉಷ್ಣ. ಕಣ್ಣುರಿ ಉಷ್ಣ, ಮೂಗಿನಲ್ಲಿ ರಕ್ತ ಬಂದರೆ ಉಷ್ಣ, ಅಪ್ಪನ ಸಿಟ್ಟು ಉಷ್ಣ. ಏಳನೆಯ ಕ್ಲಾಸಿನಲ್ಲಿ ನಾನು ಗಣಿತದಲ್ಲಿ ಫೇಲಾದಾಗ ಅಮ್ಮ ಮಾರ್ಕ್ಸ್ ಕಾರ್ಡು ನೋಡಿ, ನನ್ನ ನೆತ್ತಿ ಮುಟ್ಟಿ, "ಉಷ್ಣ ಏರಿದೆ" ಎಂದು ತಲೆಗೆ ಎಣ್ಣೆ ಹಚ್ಚಿ ಎರಡು ಲೋಟ ತೆಳಿ ಕುಡಿಸಿದ್ದರು. ಮುಂದಿನ ಪರೀಕ್ಷೆಯಲ್ಲಿ ಪಾಸಾದೆ. ಹಾಗಾಗಿ ತೆಳಿಯ ಮೇಲೆ ನನಗಿರುವ ನಂಬಿಕೆ ತೀರಾ ಬುಡವಿಲ್ಲದ್ದೇನಲ್ಲ.

ಅದೇ ತೆಳಿಯಲ್ಲಿ ಅಮ್ಮ ತಮ್ಮ ಹತ್ತಿ ಸೀರೆಗಳನ್ನು ಅದ್ದಿ ಅಂಗಳದಲ್ಲಿ ಹರವುತ್ತಿದ್ದರು. ಒಣಗಿದ ಸೀರೆ ಹಪ್ಪಳದ ಹಾಗೆ ಗರಿಗರಿ. ಅದರ ಎರಡು ತುದಿ ಹಿಡಿದು ಅಮ್ಮನೊಂದಿಗೆ ಮಡಿಸುವುದು ನನ್ನ ಸಂಜೆಯ ಕೆಲಸವಾಗಿತ್ತು. ಮಡಿಸುವಾಗ ಕರಕರ ಸದ್ದು, ಮೂಗಿಗೆ ಬೆಂದ ಅಕ್ಕಿಯ ಪರಿಮಳ. ಇಂದಿಗೂ ನಾನು ಶಾಲೆಗೆ ಉಡುವುದು ತೆಳಿ ಹಾಕಿದ ಸೀರೆಯನ್ನೇ. ಅಂದರೆ ತೆಳಿ ಬಿಸಿಯಾಗಿ ಒಣಗಿದರೆ ಏನಾಗುತ್ತದೆ ಎಂಬುದು ಈ ತಾಲೂಕಿನಲ್ಲಿ ಯಾರಿಗಾದರೂ ಗೊತ್ತಿರಬೇಕಾಗಿದ್ದರೆ ಅದು ನನಗೆ. ಗೊತ್ತೇ ಇತ್ತು. ಬೇಕಾದ ಹೊತ್ತಿಗೆ ನೆನಪಾಗಲಿಲ್ಲ, ಅಷ್ಟೆ.

ನಾನು ಕಾರು ಕಲಿತದ್ದು ನಲವತ್ತೊಂಬತ್ತನೆಯ ವಯಸ್ಸಿನಲ್ಲಿ. ಸಂಬಳದಲ್ಲಿ ಉಳಿಸಿ ಒಂದು ಹಳೆಯ ಸಣ್ಣ ಕಾರು ತೆಗೆದುಕೊಂಡೆ. ಮನೆಯಲ್ಲಿ ಪೂರ್ತಿ ನನ್ನದು ಎನ್ನಬಹುದಾದ ವಸ್ತು ಅದೊಂದೇ. ಇವರು, ಅಂದರೆ ನನ್ನ ಯಜಮಾನರು, ಬಿ.ಸಿ.ರೋಡ್ ಪೇಟೆಯಲ್ಲಿ ಪೈಂಟಿನ ಅಂಗಡಿ ಇಟ್ಟವರು. ಸ್ಕೂಟರ್ ಬಿಟ್ಟು ಬೇರೇನೂ ಓಡಿಸಲು ಬಾರದು. ಆದರೂ ನಾನು ಕಾರಿನ ಬೀಗದ ಕೈ ಎತ್ತಿಕೊಂಡಾಗಲೆಲ್ಲ, "ಆಸ್ಪತ್ರೆಯ ನಂಬ್ರ ಇಟ್ಕೊಂಡಿದ್ದೀಯಲ್ಲ?" ಎಂದು ಕೇಳುವುದು ಅವರ ನಿತ್ಯಪಾರಾಯಣ. ನಾನು ನಗುತ್ತಿದ್ದೆ. ಒಳಗೆ ಒಂದು ಹಟ ಮಾತ್ರ ಗಂಟು ಹಾಕಿ ಕೂತಿತ್ತು: ಈ ಕಾರಿನ ವಿಷಯದಲ್ಲಿ ಇವರ ಹತ್ತಿರ ಸಹಾಯ ಕೇಳುವುದಿಲ್ಲ.

ಕಾರಿನ ಯೋಗಕ್ಷೇಮ ನೋಡುತ್ತಿದ್ದವರು ಮೋನಾಕ. ಹೆಸರು ಮುಹಮ್ಮದ್, ಊರಿಗೆಲ್ಲ ಮೋನಾಕ. ಇಪ್ಪತ್ತು ವರ್ಷ ಗಲ್ಫಿನ ಗ್ಯಾರೇಜಿನಲ್ಲಿ ದುಡಿದು ಬಂದು, ನಮ್ಮ ಮನೆಯಿಂದ ಕೂಗಳತೆಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದರು. ಎಪ್ಪತ್ತು ದಾಟಿದೆ. ಅವರ ಶೆಡ್ಡಿಗೆ ಬೋರ್ಡಿಲ್ಲ, ಬೈಗುಳವೇ ಬೋರ್ಡು. "ಟೀಚರೇ, ಗಾಡಿಗೆ ಬಾಯಿಲ್ಲ, ನಿಮಗೆ ಕಣ್ಣುಂಟಲ್ಲ? ಆಯಿಲ್ ನೋಡ್ಲಿಕ್ಕೆ ಎಂತ ಮುಹೂರ್ತ ಬೇಕಾ?" ಎಂದು ಅವರು ಶುರು ಮಾಡಿದರೆ ಹೊರಗೆ ರಸ್ತೆಯಲ್ಲಿ ಹೋಗುವವರೂ ನಿಂತು ಕೇಳಬೇಕು. ಡಾಕ್ಟರು, ವಕೀಲರು ಎಂಬ ಭೇದವಿಲ್ಲ. ಬೈಸಿಕೊಂಡು ಗಾಡಿ ರಿಪೇರಿ ಮಾಡಿಸಿಕೊಂಡರೆ ಅದು ವರ್ಷಗಟ್ಟಲೆ ತಕರಾರು ಮಾಡುವುದಿಲ್ಲ ಎಂದು ಜನ ನಂಬಿದ್ದರು. ನಾನೂ ನಂಬಿದ್ದೆ.

ಏಪ್ರಿಲಿನ ರಜೆಯಲ್ಲಿ ಬೆಳುವಾಯಿಯ ಅಣ್ಣನ ಮನೆಗೆ ಹೋಗಿ ಎರಡು ದಿನ ಇದ್ದೆ. ಹೊರಡುವಾಗ ಅತ್ತಿಗೆ, "ದಾರಿಯಲ್ಲಿ ಬಿಸಿಲು, ಇದು ಕುಡೀತಾ ಹೋಗು" ಎಂದು ಎರಡು ದೊಡ್ಡ ಬಾಟ್ಲಿ ತುಂಬ ಉಪ್ಪು ಹಾಕಿದ ತೆಳಿ ಕೊಟ್ಟರು. ಮೂಡುಬಿದಿರೆ ದಾಟಿ, ಬಂಟ್ವಾಳ ದಾಟಿ, ಬಿ.ಸಿ.ರೋಡಿಗೆ ಬಂದು ಸಿಕ್ಕಿಬಿದ್ದೆ. ಮುಂದೆ ಬಸ್ಸು, ಹಿಂದೆ ಬಸ್ಸು, ಪಕ್ಕದಲ್ಲಿ ಲಾರಿ. ನೋಡುತ್ತಿದ್ದಂತೆ ಬಿಸಿ ತೋರಿಸುವ ಮುಳ್ಳು ಮೇಲೇರಿತು. ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ಬಿ.ಸಿ.ರೋಡನ್ನು 'ಬಿಸಿ ರೋಡ್' ಎಂದು ಬರೆದ ಮಕ್ಕಳಿಗೆ ನಾನು ಕೆಂಪು ಗೀಟು ಎಳೆದದ್ದುಂಟು. ಅವತ್ತು ಅವರಿಗೆಲ್ಲ ಮನಸ್ಸಿನಲ್ಲೇ ಮಾರ್ಕು ವಾಪಸು ಕೊಟ್ಟೆ.

ಹೇಗೋ ಬದಿಗೆ ತಂದು ನಿಲ್ಲಿಸಿದೆ. ನೂರು ಹೆಜ್ಜೆ ನಡೆದರೆ ಹೋಟೆಲು, ಕೇಳಿದರೆ ಒಂದು ಕೊಡ ನೀರು ಕೊಡುತ್ತಿದ್ದರು. ಆದರೆ ಆ ಹೋಟೆಲಿನ ಎದುರಿಗೇ ಇವರ ಅಂಗಡಿ. ಕಂಡರೆ ಮುಗಿಯಿತು, ಮೊಮ್ಮಕ್ಕಳ ಕಾಲದವರೆಗೂ ಹೇಳಿಯಾರು. ಎತ್ತಿದ ಬಾನೆಟ್ಟಿನ ಮರೆಯಲ್ಲಿ ಕಳ್ಳಿಯ ಹಾಗೆ ಕೂತು ಕಾದೆ. ಹಬೆ ಇಳಿದ ಮೇಲೆ ಬಟ್ಟೆ ಸುತ್ತಿ ರೇಡಿಯೇಟರಿನ ಮುಚ್ಚಳ ತೆಗೆದೆ. ಒಳಗೆ ನೀರು ತಳ ಕಂಡಿತ್ತು. ಕೈಯಲ್ಲಿ ತೆಳಿಯ ಬಾಟ್ಲಿ. ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಮಾತಾಡಿದವರು ಅಮ್ಮ. ಉಷ್ಣ ಆಗಿದೆ, ತೆಳಿ ಕೊಡು. ಎರಡು ಬಾಟ್ಲಿಯನ್ನೂ ಸುರಿದುಬಿಟ್ಟೆ.

ನಗಬೇಡಿ. ಮಾಣಿ ರಸ್ತೆಗೆ ಇಳಿದು ಗಾಳಿಗೆ ಓಡತೊಡಗಿದ್ದೇ ಮುಳ್ಳು ಕೆಳಗಿಳಿಯಿತು! ನನಗಾದ ಖುಷಿ ಅಷ್ಟಿಷ್ಟಲ್ಲ. ಅಮ್ಮನ ಮದ್ದು ಇಂಜಿನ್ನಿಗೂ ತಾಗಿತು ಎಂದು ಹಾಡು ಗುನುಗಿದೆ. ಮನೆಗೆ ಎರಡು ಕಿಲೋಮೀಟರ್ ಇದೆ ಎನ್ನುವಾಗ ಮುಳ್ಳು ಮತ್ತೆ ಎದ್ದು ಕೆಂಪಿಗೆ ಅಂಟಿಕೊಂಡಿತು. ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಹಲ್ಲು ಕಚ್ಚಿ ಓಡಿಸಿದೆ. ಅಂಗಳಕ್ಕೆ ಬಂದು ಒಮ್ಮೆ ನಡುಗಿ ಇಂಜಿನ್ನು ಸತ್ತಿತು. ಅಂಗಳವಿಡೀ ಬೆಂದ ಕುಚ್ಚಲಕ್ಕಿಯ ವಾಸನೆ.

ಇವರು ಬರುವಷ್ಟರಲ್ಲಿ ವಾಸನೆ ಆರಿತ್ತು. "ದಾರಿಯಲ್ಲಿ ಬಿಸಿ ಆಯ್ತು, ನೀರು ಹಾಕಿದೆ" ಎಂದೆ. ತೆಳಿಯಲ್ಲಿ ಇರುವುದು ಹೆಚ್ಚು ಪಾಲು ನೀರೇ ತಾನೆ? ವ್ಯಾಕರಣದ ಪ್ರಕಾರ ನಾನು ಸುಳ್ಳು ಹೇಳಿರಲಿಲ್ಲ. ಹೀಗೆ ವ್ಯಾಕರಣದ ಮರೆಯಲ್ಲಿ ಅಡಗಿದವಳು ನಾನು ಒಬ್ಬಳೇ ಇರಲಾರೆ.

ಮರುದಿನ ಮೋನಾಕನ ಬೈಗುಳಕ್ಕೆ ಹೆದರಿ ನಾನು ಕರೆಸಿದ ಬಂಟ್ವಾಳದ ಒಂದು ಗ್ಯಾರೇಜಿನವರು ಬಂದು ನೋಡಿ, ಇಂಜಿನ್ನೇ ಬದಲಿಸಬೇಕು, ಅದಕ್ಕಿಂತ ಗುಜರಿಗೆ ಕೊಡುವುದು ವಾಸಿ ಎಂದು ಹೇಳಿ ಹೋದರು. ಸುದ್ದಿ ಕೇಳಿ ಮೋನಾಕ ಬಂದರು. ಬಾನೆಟ್ ಎತ್ತಿದರು. ಫ್ಯಾನಿನ ವೈರನ್ನು ಇಲಿ ಕಡಿದದ್ದು ಕೂಡಲೇ ಕಣ್ಣಿಗೆ ಬಿತ್ತು; ಬೆಳುವಾಯಿಯಲ್ಲಿ ಕಾರು ಎರಡು ದಿನ ಬೈಹುಲ್ಲಿನ ಪಕ್ಕ ನಿಂತಿತ್ತಲ್ಲ. ನಾನು ಬೈಗುಳಕ್ಕೆ ತಯಾರಾಗಿ ಸೆರಗು ಬಿಗಿದು ನಿಂತೆ. ಅವರು ರೇಡಿಯೇಟರಿನ ಮುಚ್ಚಳ ತೆಗೆದು ಬೆರಳು ಹಾಕಿದರು. ಬೆರಳಿಗೆ ಬೆಳ್ಳಗಿನ ಲೋಳೆ ಅಂಟಿ ಬಂತು. ಅದನ್ನು ಉಜ್ಜಿ ನೋಡಿದರು. ಮುಖ ಇಳಿದುಹೋಯಿತು.

"ಟೀಚರೇ, ಇದು ನನ್ನ ಕೆಲಸ" ಎಂದರು ಮೆಲ್ಲಗೆ. "ಹದಿನೈದು ದಿನದ ಹಿಂದೆ ಇಂಜಿನ್ ತಣಿಸುವ ಕೂಲೆಂಟ್ ಹಾಕಿದ್ದು ನಾನು. ಹಸಿರು ಇದ್ದದ್ದಕ್ಕೆ ಕೆಂಪು ಸೇರಿಸಿದೆನೋ ಏನೋ. ಎರಡು ಜಾತಿ ಸೇರಿದ್ರೆ ಹೀಗೆ ಲೋಳೆ ಆಗ್ತದೆ."

"ಇಲಿ ಅಲ್ವಾ ಮೋನಾಕ?" ಎಂದೆ ನಾನು. ಎಂಥ ಧೈರ್ಯ ನೋಡಿ ನನ್ನದು.

"ಇಲಿ ವೈರ್ ಕಡಿದಿದೆ, ಒಪ್ಪುವ. ಆದ್ರೆ ಈ ಲೋಳೆ ಇಲಿ ಮಾಡಿದ್ದಲ್ಲ. ಇಂಜಿನ್ ಬದಲಿಸ್ಲಿಕ್ಕಿಲ್ಲ ಟೀಚರೇ. ನಾನು ಇಲ್ಲಿಗೇ ಬಂದು ಬಿಚ್ಚಿ ಸರಿ ಮಾಡಿ ಕೊಡ್ತೇನೆ. ಮಾಡದೆ ಬಿಡುವುದಿಲ್ಲ."

ಆಗ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ. ಆದರೆ ಮೆಟ್ಟಿಲ ಮೇಲೆ ಇವರು ನಿಂತಿದ್ದರು. ಬಾಯಿ ಮುಚ್ಚಿದೆ.

ಮರುದಿನದಿಂದ ನಮ್ಮ ಅಂಗಳ ಗ್ಯಾರೇಜಾಯಿತು. ಟರ್ಪಾಲು ಕಟ್ಟಿದೆವು. ನನಗೆ ರಜೆ, ಹಾಗಾಗಿ ಅಸಿಸ್ಟೆಂಟು ನಾನೇ. ಬಿಚ್ಚಿದ ಬೋಲ್ಟುಗಳನ್ನು ಅಡುಗೆಮನೆಯ ಡಬ್ಬಿಗಳಲ್ಲಿ ಹಾಕಿ ಚೀಟಿ ಅಂಟಿಸಿದೆ. ಸಾಸಿವೆಯ ಡಬ್ಬಿಯಲ್ಲಿ ವಾಟರ್ ಪಂಪಿನ ಬೋಲ್ಟು, ಮೆಂತೆಯ ಡಬ್ಬಿಯಲ್ಲಿ ಕಾರ್ಬನ್ನು ಹಿಡಿದ ಪ್ಲಗ್ಗು. ಇಂಜಿನ್ನಿನ ತಲೆ, ಅಂದರೆ ಹೆಡ್ಡು, ಬಿಸಿಗೆ ಬಾಗಿತ್ತು. ಅದರ ಕೆಳಗೆ ಸಂದು ಮುಚ್ಚುವ ಗ್ಯಾಸ್ಕೆಟ್ ಎಂಬ ಹಾಳೆ ಸುಟ್ಟು, ನೀರು ಆಯಿಲಿಗೆ ಸೇರಿ, ಆಯಿಲು ಹಾಲು ಜಾಸ್ತಿಯಾದ ಚಾದಂತಾಗಿತ್ತು. ಮೋನಾಕ ಹೆಡ್ಡನ್ನು ಬಟ್ಟೆಯಲ್ಲಿ ಸುತ್ತಿ ಲೇತಿನ ಅಂಗಡಿಗೆ ಕೊಂಡೊಯ್ದು ಸಮತಟ್ಟು ಮಾಡಿಸಿ ತಂದರು. ರೇಡಿಯೇಟರಿನ ಒಳಗೆ ಒಣಗಿ ಹಪ್ಪಳವಾಗಿ ಕೂತ ಬೆಳ್ಳಗಿನ ಪೊರೆಯನ್ನು ದಿನಗಟ್ಟಲೆ ಕೆರೆದರು. ಕೆರೆದದ್ದನ್ನು ಎಸೆಯದೆ ಒಂದು ತಗಡಿನ ಮುಚ್ಚಳದಲ್ಲಿ ಹಾಕಿಟ್ಟರು. "ನಾನು ಎಂತ ಮಾಡಿದೆ ಅಂತ ನನಗೇ ಗೊತ್ತಾಗ್ಬೇಕಲ್ಲ" ಎಂದರು.

ನನ್ನನ್ನು ಹೆದರಿಸಿದ್ದು ಬೇರೆಯೇ. ಮೋನಾಕ ಬೈಯುತ್ತಿರಲಿಲ್ಲ. ಅವರು ಹನ್ನೆರಡರ ಸ್ಪಾನರ್ ಕೇಳಿದರೆ ನಾನು ಹದಿನಾಲ್ಕರದ್ದು ಕೊಟ್ಟೆ, ಸುಮ್ಮನೆ ತೆಗೆದುಕೊಂಡು ತಾನೇ ಎದ್ದು ಬದಲಿಸಿಕೊಂಡರು. ಒಂದು ಬೋಲ್ಟು ಚರಂಡಿಗೆ ಬೀಳಿಸಿದೆ, "ಇರ್ಲಿ ಬಿಡಿ" ಎಂದರು. ಇರಲಿ ಬಿಡಿ! ಮೋನಾಕನ ಬಾಯಲ್ಲಿ!

ಅದರ ಮೇಲೆ ಇವರ ಮಾತು. ಇವರು ಕೆಟ್ಟವರಲ್ಲ, ಬಾಯಿ ಮಾತ್ರ ಅಂಗಡಿಯ ಶಟರಿನಂತೆ ಬೆಳಿಗ್ಗೆ ತೆರೆದರೆ ರಾತ್ರಿಯೇ ಮುಚ್ಚುವುದು. ಎದುರಿನ ಹೋಟೆಲಿನಲ್ಲಿ ಚಾ ಕುಡಿಯುತ್ತ, "ಮೋನಾಕನ ಕೈಗುಣ ಹೋಯ್ತು ಮಾರಾಯ್ರೆ, ಎಂತದೋ ತುಂಬಿಸಿ ನಮ್ಮ ಇಂಜಿನ್ ಹಾಳು ಮಾಡಿದ್ರು" ಎಂದುಬಿಟ್ಟರಂತೆ. ಬಸ್ಸಿನ ಡ್ರೈವರುಗಳು, ಟೆಂಪೋದವರು ಎಲ್ಲ ಕೂರುವ ಹೋಟೆಲು ಅದು. ಮೋನಾಕನೂ ದಿನಾ ಬೆಳಿಗ್ಗೆ ಅಲ್ಲೇ ಚಾ ಕುಡಿದು ಶೆಡ್ಡಿಗೆ ಬರುತ್ತಿದ್ದವರು. ಹೋಗುವುದನ್ನು ನಿಲ್ಲಿಸಿದರು. ಶೆಡ್ಡಿನಲ್ಲಿದ್ದ ಎರಡು ಗಾಡಿಗಳನ್ನು ಅವುಗಳ ಯಜಮಾನರು ಬೇರೆ ಕಡೆಗೆ ಒಯ್ದರು.

ಹತ್ತನೆಯ ದಿನ ಹೊಸ ಗ್ಯಾಸ್ಕೆಟ್ ಇಟ್ಟು ಹೆಡ್ಡು ಕೂರಿಸುವ ಹೊತ್ತು. ಮೋನಾಕ ಸ್ಪಾನರನ್ನು ಬಟ್ಟೆಯಲ್ಲಿ ಒರೆಸುತ್ತ ಹೇಳಿದರು: "ಟೀಚರೇ, ಒಂದು ವಿಷಯ ಯಾರಿಗೂ ಹೇಳ್ಲಿಲ್ಲ. ಊರೆಲ್ಲ ಮಾಸ್ಕ್ ಹಾಕಿದ ಆ ದೊಡ್ಡ ಜ್ವರದ ವರ್ಷ ನನ್ನ ಮೂಗಿನ ಶಕ್ತಿ ಹೋದದ್ದು ತಿರುಗಿ ಬರ್ಲಿಲ್ಲ. ಪೆಟ್ರೋಲ್ ವಾಸನೆ ಇಲ್ಲ, ಸುಟ್ಟ ಆಯಿಲ್ ವಾಸನೆ ಇಲ್ಲ. ಮೂಗಿಲ್ಲದ ಮೆಕ್ಯಾನಿಕ್ ಅಂದ್ರೆ ಅರ್ಧ ಮೆಕ್ಯಾನಿಕ್. ಈಗ ಕಣ್ಣೂ ಹೋಯ್ತು ಕಾಣ್ತದೆ, ಹಸಿರು ಕೆಂಪು ಗೊತ್ತಾಗ್ಲಿಲ್ಲ. ನಿಮ್ಮದು ಸ್ಟಾರ್ಟ್ ಆಗ್ಲಿ. ಮತ್ತೆ ನಾನು ಸ್ಪಾನರ್ ಮುಟ್ಟುವುದಿಲ್ಲ."

ಅಷ್ಟು ದೊಡ್ಡ ಪಶ್ಚಾತ್ತಾಪವನ್ನು ನಾನು ಆವರೆಗೆ ಪಾಠದಲ್ಲಿ ಮಾತ್ರ ಮಾಡಿದ್ದೆ. "ಮೋನಾಕ, ಅದು ನಿಮ್ಮ ತಪ್ಪಲ್ಲ. ನಾನು ತೆಳಿ ಹಾಕಿದ್ದು. ರೇಡಿಯೇಟರಿಗೆ. ಎರಡು ಬಾಟ್ಲಿ. ಉಪ್ಪು ಹಾಕಿದ್ದು" ಎಂದೆ ಒಂದೇ ಉಸಿರಿಗೆ.

ಅವರು ನನ್ನನ್ನು ನೋಡಿದರು. ಆಮೇಲೆ ನಕ್ಕರು, ಎಷ್ಟು ಪಾಪದ ನಗು ಅದು! "ಟೀಚರೇ, ನೀವು ಒಳ್ಳೆಯವರು. ನನಗೆ ಬೇಜಾರಾಗ್ಬಾರ್ದು ಅಂತ ಹೇಳ್ತೀರಿ. ಇಷ್ಟು ಓದಿದವರು ಯಾರಾದ್ರೂ ಇಂಜಿನ್ನಿಗೆ ಗಂಜಿ ಕುಡಿಸ್ತಾರಾ?"

"ಸತ್ಯವಾಗಿಯೂ ಕುಡಿಸಿದೆ!"

"ಬೇಡ ಟೀಚರೇ. ಕರುಣೆ ಸಾಕು" ಎಂದು ಅವರು ಬಗ್ಗಿ ಕೆಲಸಕ್ಕೆ ತೊಡಗಿದರು.

ನೋಡಿ ನನ್ನ ಅವಸ್ಥೆ. ಹತ್ತು ದಿನ ಮುಚ್ಚಿಟ್ಟ ಸತ್ಯವನ್ನು ಕೊನೆಗೂ ಹೇಳಿದರೆ ನಂಬುವವರಿಲ್ಲ. ವಾಸನೆ ನೋಡಿ ಎನ್ನಲು ಅವರಿಗೆ ಮೂಗಿಲ್ಲ. ಸಾಕ್ಷಿಗೆಂದರೆ ಬಾಟ್ಲಿಗಳನ್ನು ಆ ದಿನವೇ ತೊಳೆದು ಕವುಚಿ ಹಾಕಿದ್ದೆ. ಅಡುಗೆಮನೆಗೆ ಹೋಗಿ ನಿಂತೆ. ಇವತ್ತು ಹೊತ್ತು ಮುಳುಗುವ ಮೊದಲು ಈ ಮನುಷ್ಯನನ್ನು ನಂಬಿಸದೆ ಊಟ ಮಾಡುವುದಿಲ್ಲ ಎಂದುಕೊಂಡೆ. ನಮ್ಮ ಜೈನರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ, ಹಾಗಾಗಿ ಇದು ಸಣ್ಣ ಶಪಥವೇನಲ್ಲ.

ಒಲೆಯ ಮೇಲೆ ಅನ್ನದ ಪಾತ್ರೆ ಕಂಡಿತು. ಕಂಡದ್ದೇ ಏಳನೆಯ ಕ್ಲಾಸು ನೆನಪಾಯಿತು. ಗಣಿತದಲ್ಲಿ ಫೇಲಾದವಳು ವಿಜ್ಞಾನದಲ್ಲಿ ಒಂದೇ ಒಂದು ಪ್ರಯೋಗವನ್ನು ಮನಸ್ಸಿಟ್ಟು ಮಾಡಿದ್ದೆ. ಅನ್ನದ ಅಗುಳಿನ ಮೇಲೆ ಅಯೋಡಿನ್ ಹಾಕಿದರೆ ಕಡುನೀಲಿಯಾಗುತ್ತದೆ, ಯಾಕೆಂದರೆ ಅದರಲ್ಲಿ ಪಿಷ್ಟ ಇದೆ. ಔಷಧದ ಡಬ್ಬಿ ಬೋರಲು ಹಾಕಿ ಹುಡುಕಿದೆ. ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್ನಿನ ಹಳೆಯ ಸೀಸೆ ಸಿಕ್ಕಿತು.

ಕಪ್ಪಿನಡಿಯ ಮೂರು ಬಸಿ ತಂದು ಬೋಲ್ಟಿನ ಡಬ್ಬಿಗಳ ಪಕ್ಕದಲ್ಲಿಟ್ಟೆ. ಒಂದರಲ್ಲಿ ನಾಲ್ಕು ಅಗುಳು ಅನ್ನ. ಇನ್ನೊಂದರಲ್ಲಿ ಮೋನಾಕನ ಶೆಡ್ಡಿಗೆ ಓಡಿಹೋಗಿ ತಂದ ಹಸಿರು, ಕೆಂಪು ಎರಡೂ ಕೂಲೆಂಟು ಸೇರಿಸಿದ್ದು. ಮೂರನೆಯದರಲ್ಲಿ ಅವರೇ ಕೆರೆದು ಜೋಪಾನವಾಗಿಟ್ಟ ಬೆಳ್ಳಗಿನ ಪೊರೆ. ಇವರೂ ಅಷ್ಟರಲ್ಲಿ ಸಂಜೆಯ ಊಟಕ್ಕೆ ಅಂಗಡಿಯಿಂದ ಬಂದಿದ್ದರು. "ಎಂತ ಇದು, ಪೂಜೆಯಾ?" ಎಂದರು.

"ಸುಮ್ಮನೆ ನೋಡಿ" ಎಂದೆ, ಕ್ಲಾಸಿನ ಸ್ವರದಲ್ಲಿ. ಇಬ್ಬರೂ ಬೆಂಚಿನ ಮಕ್ಕಳ ಹಾಗೆ ನಿಂತರು.

ಅನ್ನಕ್ಕೆ ಒಂದು ಹನಿ. ಅಗುಳು ಕಡುನೀಲಿಯಾಯಿತು. ಕೂಲೆಂಟಿಗೆ ಒಂದು ಹನಿ. ನೀಲಿಯ ಸುಳಿವಿಲ್ಲ, ಸುಮ್ಮನೆ ಕಂದು ರಾಡಿ. ಮೂರನೆಯ ಬಸಿಗೆ ಒಂದು ಹನಿ ಬಿಟ್ಟೆ. ಬೆಳ್ಳಗಿನ ಪೊರೆ ಅಂಚಿನಿಂದ ನೀಲಿಯಾಗುತ್ತ ಬಂದು ಕಪ್ಪಿಗೆ ತಿರುಗಿತು.

"ಇದು ಅಕ್ಕಿ ಮೋನಾಕ. ಬೆಳುವಾಯಿಯ ಕುಚ್ಚಲಕ್ಕಿ" ಎಂದೆ. "ನಿಮ್ಮ ಕೂಲೆಂಟ್ ಸರಿಯಾಗಿಯೇ ಇತ್ತು."

ಇವರು, "ಅಯ್ಯೋ ದೇವರೇ, ತೆಳಿಯಾ?" ಎಂದು ಮೆಟ್ಟಿಲ ಮೇಲೆ ಕೂತುಬಿಟ್ಟರು. ಮೋನಾಕ ಆ ಪೊರೆಯನ್ನು ಬೆರಳಲ್ಲಿ ಎತ್ತಿ, ಬಿಸಿಲಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು. ಬೆರಳು ನೀಲಿಯಾಯಿತು. ಆಮೇಲೆ ಶುರುವಾಯಿತು ನೋಡಿ!

"ಟೀಚರೇ, ನಿಮಗೆ ತಲೆ ಉಂಟಾ? ಗಾಡಿಗೆ ಗಂಜಿ ಹಾಕಿದ್ರಿ, ಉಪ್ಪಿನಕಾಯಿ ಯಾಕೆ ಬಿಟ್ರಿ? ಮುಳ್ಳು ಕೆಂಪಿಗೆ ಹೋದ ಮೇಲೆ ಎರಡು ಕಿಲೋಮೀಟರ್! ಮುಳ್ಳು ಇಟ್ಟದ್ದು ಎಂತ, ಚಂದಕ್ಕಾ?" ತುಳುವಿನಲ್ಲಿ ಬೈದರು, ಮನೆಮಾತು ಬ್ಯಾರಿಯಲ್ಲಿ ಬೈದರು, ಗಲ್ಫಿನ ಯಾವುದೋ ಭಾಷೆಯಲ್ಲೂ ಬೈದಿರಬೇಕು. ಇವರತ್ತ ತಿರುಗಿ, "ನೀವು ನಗ್ಬೇಡಿ! ಊರಿಗೆಲ್ಲ ಡಂಗುರ ಹೊಡೆದದ್ದು ನೀವಲ್ವಾ?" ಎಂದರು. ಇವರ ನಗು ಅಲ್ಲೇ ನಿಂತಿತು. ನನಗೆ ಅಳು ಬರುತ್ತಿತ್ತು, ಅದರ ಜೊತೆಗೇ ಎಂಥದೋ ಸಂತೋಷ. ಬೈಯಲಿ, ಇನ್ನೂ ಬೈಯಲಿ ಎನಿಸುತ್ತಿತ್ತು.

"ತಪ್ಪಾಯ್ತು ಮೋನಾಕ" ಎಂದೆ.

ಅವರ ಸ್ವರ ಇಳಿಯಿತು. "ತೆಳಿ ಹಾಕಿದ್ದು ತಪ್ಪಲ್ಲ ಟೀಚರೇ. ಗೊತ್ತಿಲ್ಲದೆ ಯಾರಾದ್ರೂ ಹಾಕ್ಬಹುದು. ಹತ್ತು ದಿನ ನನ್ನ ಪಕ್ಕದಲ್ಲೇ ಕೂತು ಬೋಲ್ಟ್ ಎತ್ತಿ ಕೊಟ್ರಲ್ಲ, ಸುಮ್ಮನೆ, ಅದು ತಪ್ಪು. ನಿಮ್ಮ ಇಂಜಿನ್ ಒಂದು ದಿವಸ ಕುದೀತು. ನಾನು ಹತ್ತು ದಿವಸ ಕುದ್ದೆ."

ಅವರು ಹೆಡ್ಡಿನ ಬೋಲ್ಟುಗಳನ್ನು ನಡುವಿನಿಂದ ಬದಿಗೆ, ಒಂದು ಆಚೆ ಒಂದು ಈಚೆ ಎಂದು ಬಿಗಿಯುತ್ತ ಹೋದರು. ನಾನು ಡಬ್ಬಿ ಹಿಡಿದು ನಿಂತೆ. ನಂಬಿಸಿಯಾಗಿದ್ದರೂ ಆ ಸಂಜೆಯ ಊಟವನ್ನು ನಾನಾಗಿಯೇ ಬಿಟ್ಟೆ.

ಎರಡು ದಿನ ಬಿಟ್ಟು ಬೆಳಿಗ್ಗೆ ಇಂಜಿನ್ನು ಸ್ಟಾರ್ಟ್ ಆಯಿತು. ಮೊದಲು ಕೆಮ್ಮಿ, ಬಿಳಿ ಹೊಗೆ ಉಗುಳಿ, ಆಮೇಲೆ ಹಿತವಾಗಿ ನಿಂತಿತು. ಮೋನಾಕ ಬಾನೆಟ್ಟಿಗೆ ಕಿವಿ ಇಟ್ಟು ಕಣ್ಣು ಮುಚ್ಚಿ ತುಂಬ ಹೊತ್ತು ಕೇಳಿದರು. "ಓಡಿಸಿ ನೋಡುವ. ಮಾಣಿವರೆಗೆ ಹೋಗಿ ಬರುವ" ಎಂದು ಪಕ್ಕದಲ್ಲಿ ಕೂತರು.

ಗೇಟು ದಾಟಿ ನಾನು ಮಾಣಿಯ ಕಡೆ ತಿರುಗಿಸಲಿಲ್ಲ. ಬಿ.ಸಿ.ರೋಡಿನ ಕಡೆ ತಿರುಗಿಸಿದೆ.

"ಆಚೆ ಟೀಚರೇ, ಆಚೆ!" ಎಂದರು ಮೋನಾಕ.

"ಗೊತ್ತುಂಟು" ಎಂದೆ.

ಹೋಟೆಲು ಹತ್ತಿರ ಬಂದಂತೆ ಅವರಿಗೆ ತಿಳಿಯಿತು. "ಅಲ್ಲಿ ಬೇಡ. ನಾನು ಇಳಿಯುವುದಿಲ್ಲ" ಎಂದು ಬಾಗಿಲಿನ ಹಿಡಿ ಗಟ್ಟಿಯಾಗಿ ಹಿಡಿದುಕೊಂಡರು. "ನೀವು ಕೂತಿರಿ" ಎಂದೆ. ಸರಿಯಾಗಿ ಹೋಟೆಲಿನ ಬಾಗಿಲೆದುರು, ಬಸ್ಸಿನವರು ಹಾರ್ನು ಹೊಡೆಯುವಂತೆ ಅಡ್ಡ ನಿಲ್ಲಿಸಿ ಇಳಿದೆ. ಒಳಗೆ ಹತ್ತು ಹನ್ನೆರಡು ಜನ ಡ್ರೈವರುಗಳು, ಕೈಯಲ್ಲಿ ಚಾ, ಬಾಯಲ್ಲಿ ಊರಿನ ಸುದ್ದಿ. ಮೂಲೆಯ ಮೇಜಿನಲ್ಲಿ ಇವರೂ ಇದ್ದರು. ನನ್ನನ್ನು ಕಂಡದ್ದೇ ಬನ್ಸ್ ಹಿಡಿದ ಕೈ ಗಾಳಿಯಲ್ಲೇ ನಿಂತಿತು.

"ಹೊರಗೆ ನಿಂತ ಗಾಡಿ ನನ್ನದು" ಎಂದೆ, ಹಿಂದಿನ ಬೆಂಚಿಗೂ ಕೇಳುವಷ್ಟು ಗಟ್ಟಿಯಾಗಿ. "ಅದರ ಇಂಜಿನ್ನಿಗೆ ಗಂಜಿ ತೆಳಿ ಹಾಕಿ ಹಾಳು ಮಾಡಿದ್ದು ನಾನು. ಮೋನಾಕ ಅಲ್ಲ. ಅವರು ಅದನ್ನು ಬದುಕಿಸಿದ್ದು."

ಹೋಟೆಲು ಹಾರಿಹೋಗುವಂಥ ನಗು ಎದ್ದಿತು. ಯಾರೋ ಮೇಜು ಕುಟ್ಟಿ ನಕ್ಕರು, ಯಾರೋ "ಚಟ್ನಿ ಹಾಕ್ಲಿಲ್ವಾ ಟೀಚರ್?" ಎಂದರು. ನಾನು ಅಲ್ಲಾಡದೆ ನಿಂತೆ. ಆ ನಗು ಪೂರ್ತಿ ನನಗೇ ಸಲ್ಲಬೇಕಾದದ್ದು, ಒಂದು ಹನಿಯೂ ಬೇರೆಯವರ ಮೇಲೆ ಬೀಳಬಾರದು ಎಂದು ನಿಂತೆ.

ಹಿಂದೆ ಕಾರಿನ ಬಾಗಿಲು ತೆರೆದ ಸದ್ದು ಕೇಳಿಸಿತು. ಮೋನಾಕ ಒಳಗೆ ಬಂದರು. ಯಾರ ಮುಖವನ್ನೂ ನೋಡದೆ ಒಂದು ಬೆಂಚು ಎಳೆದು ಕೂತರು. "ಟೀಚರಿಗೊಂದು, ನನಗೊಂದು" ಎಂದು ಚಾ ಹೇಳಿದರು.